ತಣ್ಣಪ್ಪನ ಕೈ

ಹೆತ್ತವರು ಇಟ್ಟ ಹೆಸರು ಅವನಿಗೆ ಬೇರೆ ಇತ್ತು. ಕರೆಯುವವರೇ ಇಲ್ಲದೆ ಅದಕ್ಕೆ ತುಕ್ಕು ಹಿಡಿದು ಹೋಗಿತ್ತು. ಐಸ್ ಫ್ಯಾಕ್ಟರಿಗೆ ಸೇರಿದ ಮೊದಲ ಬೇಸಿಗೆಯಲ್ಲೇ ಯಾರೋ ತಮಾಷೆಗೆ ತಣ್ಣಪ್ಪ ಎಂದರು, ಅದೇ ಅಂಟಿಕೊಂಡಿತು. ಮದುವೆಯಾಗಿ ಬಂದ ಹೆಂಡತಿಗೂ ನಾಲ್ಕು ಜನರ ಮುಂದೆ ಗಂಡನ ನಿಜವಾದ ಹೆಸರು ಹೇಳಬೇಕಾದರೆ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಫ್ಯಾಕ್ಟರಿ ಎಂದರೆ ಭಾರಿ ಏನಲ್ಲ. ತಗ್ಗು ಛಾವಣಿಯ ಉದ್ದನೆಯ ಶೆಡ್ಡು, ಅದರ ನೆಲದೊಳಗೆ ಉಪ್ಪುನೀರಿನ ತೊಟ್ಟಿ, ತೊಟ್ಟಿಯ ಮೇಲೆ ಸಾಲಾಗಿ ಮರದ ಮುಚ್ಚಳಗಳು. ಒಂದೊಂದು ಮುಚ್ಚಳದ ಕೆಳಗೂ ಒಂದು ತಗಡಿನ ಅಚ್ಚು, ಅಚ್ಚಿನ ತುಂಬ ಕುಡಿಯುವ ನೀರು. ಆ ನೀರು ಹೆಪ್ಪುಗಟ್ಟಿದ ಮೇಲೆ ತಣ್ಣಪ್ಪ ಅಚ್ಚನ್ನು ಸರಪಳಿಯಿಂದ ಮೇಲೆತ್ತಿ, ಸಾದಾ ನೀರಿನಲ್ಲಿ ಒಂದು ಮುಳುಗು ಹಾಕಿಸಿ ಓರೆ ಮಾಡಿದರೆ, ಐಸಿನ ದಿಮ್ಮಿ ಜಾರಿ ನೆಲಕ್ಕೆ ಬರುತ್ತಿತ್ತು. ಕೊಕ್ಕೆ ಹಾಕಿ ಎಳೆಯುವುದು, ಗೋಣಿ ಸುತ್ತುವುದು, ಬಾಗಿಲಲ್ಲಿ ನಿಂತ ಗಾಡಿಗೆ ಏರಿಸುವುದು, ಮತ್ತೆ ಅಚ್ಚಿಗೆ ನೀರು ತುಂಬುವುದು. ಕೈಗವಸು ಕೊಟ್ಟಿದ್ದರು. ಒದ್ದೆಯಾದ ಕೈಗವಸಿಗಿಂತ ಬರಿಗೈಯೇ ವಾಸಿ ಎನ್ನುವುದು ಅಲ್ಲಿ ದುಡಿದವರಿಗೆಲ್ಲ ಗೊತ್ತಿದ್ದ ವಿಷಯ. ಕೈಗವಸುಗಳು ಗೋಡೆಯ ಮೊಳೆಗೆ ನೇತಾಡುತ್ತ ಸುಖವಾಗಿದ್ದವು.

ಹೀಗೆ ವರ್ಷಗಟ್ಟಲೆ ಐಸು ಹಿಡಿದು ಹಿಡಿದು ಅವನ ಕೈ ಅವನದೇ ಅಲ್ಲವೇನೋ ಎಂಬಂತಾಗಿತ್ತು. ಕೆಲಸದಿಂದ ಬಂದಾಗ ಅಂಗಿಯ ಗುಂಡಿ ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ. ಹೆಂಡತಿ ಬಿಚ್ಚುತ್ತಿದ್ದಳು. ಒಲೆಯಿಂದ ಇಳಿಸಿದ ಚಹಾದ ಲೋಟವನ್ನು ಎಲ್ಲರೂ ಸೆರಗಿನಲ್ಲೋ ಬಟ್ಟೆಯಲ್ಲೋ ಹಿಡಿದರೆ ಇವನು ಹಾಗೇ ಅಂಗೈಯಲ್ಲಿ ಹಿಡಿದು ಕೂರುತ್ತಿದ್ದ. ಬಿಸಿ ಯಾವುದು, ಬೆಚ್ಚಗೆ ಯಾವುದು ಎಂದು ಆ ಕೈಗೆ ತಿಳಿಯುತ್ತಲೇ ಇರಲಿಲ್ಲ. ಅದಕ್ಕೆ ತಿಳಿಯುತ್ತಿದ್ದುದು ಎರಡೇ: ಒಂದು ಐಸು, ಇನ್ನೊಂದು ಐಸಲ್ಲದ್ದು.

ಆದರೆ ಅದೇ ಕೈ ಬೇಸಿಗೆಯಲ್ಲಿ ಆ ಮನೆಯ ದೊಡ್ಡ ಐಶ್ವರ್ಯ. ಮನೆ ಎಂದರೆ ಮೂರನೆಯ ಮಹಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ. ತಲೆಯ ಮೇಲೆ ಬರೀ ತಾರಸಿ. ಬೆಳಗಿನಿಂದ ಸಂಜೆವರೆಗೆ ಬಿಸಿಲು ಕುಡಿದ ಆ ತಾರಸಿ ಕತ್ತಲಾದ ಮೇಲೂ ಕುಡಿದದ್ದನ್ನೆಲ್ಲ ಕೋಣೆಯೊಳಗೆ ಕಕ್ಕುತ್ತಿತ್ತು. ಸೂರ್ಯ ಇಳಿಯುತ್ತಿದ್ದಂತೆ ಹೆಂಡತಿ ಬಕೆಟ್ಟುಗಟ್ಟಲೆ ನೀರು ಹೊತ್ತು ತಾರಸಿಗೆ ಸುರಿಯುತ್ತಿದ್ದಳು. ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟುತ್ತಿದ್ದಳು. ತಣ್ಣಪ್ಪ ಬರುವಾಗ ಗೋಣಿಯಲ್ಲಿ ಸುತ್ತಿ ಒಂದು ಮುರುಕು ತರುತ್ತಿದ್ದ. ಎತ್ತುವಾಗ ಒಡೆದ ದಿಮ್ಮಿಯ ತುಂಡುಗಳಿಗೆ ಅಲ್ಲಿ ಮುರುಕು ಎನ್ನುತ್ತಿದ್ದರು. ಅದು ಕೆಲಸಗಾರರ ಹಕ್ಕು. ಮುರುಕನ್ನು ಬೋಗುಣಿಯಲ್ಲಿಟ್ಟು ಅದರ ಹಿಂದೆ ಟೇಬಲ್ ಫ್ಯಾನು ತಿರುಗಿಸಿದರೆ, ಎದುರಿಗೆ ಮಲಗಿದವರ ಮುಖಕ್ಕೆ ಚಳಿಗಾಳಿ. ಕರಗಿದ ನೀರಿನಲ್ಲಿ ಕಾಲು ಅದ್ದಲು ಮಗಳ ಪಾಳಿ ಮೊದಲು, ಆಮೇಲೆ ಹೆಂಡತಿಯದು. ಆ ಮಗಳು ಬೆಳೆದು, ಮದುವೆಯಾಗಿ, ಬೇರೆ ಊರು ಸೇರಿ, ಪ್ರತಿ ಬೇಸಿಗೆ ರಜೆಗೆ ತನ್ನ ಪುಟ್ಟಿಯನ್ನು ಕರೆತರುವಂತಾದ ಮೇಲೂ ಪಾಳಿಯ ಕಾನೂನು ಬದಲಾಗಲಿಲ್ಲ. ಮೊದಲನೆಯ ಜಾಗ ಪುಟ್ಟಿಗೆ ಹೋಯಿತು, ಅಷ್ಟೆ.

ಇದೆಲ್ಲಕ್ಕಿಂತ ಮೊದಲು ಕೈಯ ಸೇವೆ. ತಣ್ಣಪ್ಪ ಬಾಗಿಲು ತಳ್ಳಿದ ಕೂಡಲೇ, ಕಾಲು ತೊಳೆಯುವುದಕ್ಕೂ ಮುಂಚೆ, ಎಲ್ಲರೂ ಸಾಲಾಗಿ ಹಣೆ ಒಡ್ಡಿ ನಿಲ್ಲಬೇಕು. ಅವನು ಒಬ್ಬೊಬ್ಬರ ಹಣೆಯ ಮೇಲೂ ಅಂಗೈ ಇಟ್ಟು, ದೊಡ್ಡ ಡಾಕ್ಟರನ ಗತ್ತಿನಲ್ಲಿ ಮುಖ ಗಂಟಿಕ್ಕಿ, ನಿನಗೆ ಜ್ವರ, ನಿನಗೂ ಜ್ವರ, ನಿನಗಂತೂ ವಿಪರೀತ ಜ್ವರ ಎಂದು ತೀರ್ಪು ಕೊಡುತ್ತಿದ್ದ. ಐಸು ಹಿಡಿದು ಬಂದ ಕೈಗೆ ಯಾರ ಹಣೆ ತಾನೇ ಸುಡುವುದಿಲ್ಲ? ಪುಟ್ಟಿ ಕಣ್ಣು ಮುಚ್ಚಿ, ಕೈ ತೆಗೆಯಲು ಬಿಡದೆ, ಎರಡು ಕೈಯಲ್ಲೂ ಅವನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಹೆಂಡತಿ ಯಾವಾಗಲೂ ಕೊನೆ. ತನ್ನ ಪಾಳಿ ಮುಗಿದ ಮೇಲೆ ಆ ಕೈಗಳೆರಡನ್ನೂ ತನ್ನ ಕಂಕುಳಲ್ಲಿ ಅವುಚಿಕೊಂಡು ಬೆಚ್ಚಗೆ ಮಾಡುತ್ತಿದ್ದಳು. ಆಗ ಅವಳು ಪ್ರತಿ ಸಲವೂ ಹೇಳುತ್ತಿದ್ದ ಮಾತು ಒಂದೇ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ, ನಮ್ಮ ಯಜಮಾನರ ಕೈಗೆ ಊರಿಗೆಲ್ಲ ಜ್ವರ.

ನಗು ಬರುವ ಮಾತೇ. ಎಷ್ಟೋ ವರ್ಷ ಆ ಕೋಣೆ ಈ ಮಾತಿಗೆ ನಕ್ಕಿದೆ. ಮನೆಯ ತಮಾಷೆಗಳು ಹಾಗೆಯೇ, ಹಳೆಯದಾದಷ್ಟೂ ಅವುಗಳನ್ನು ಯಾರೂ ತಿರುಗಿ ನೋಡುವುದಿಲ್ಲ.

ಅವಳಿಗೆ ಒಂದೇ ಒಂದು ಕೊರಗಿತ್ತು. ಅದನ್ನು ಕೊರಗು ಎಂದು ಅವಳು ಒಪ್ಪುತ್ತಿರಲಿಲ್ಲ, ಆದರೆ ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದಳು. ಬೇಸಿಗೆಯಲ್ಲಿ ಊರಿಗೆಲ್ಲ ರಜೆ, ಐಸಿನವನಿಗೆ ಮಾತ್ರ ಉಸಿರು ಬಿಡಲು ಪುರುಸೊತ್ತಿಲ್ಲ. ಮಳೆ ಹಿಡಿದ ಮೇಲೆ ಅವನಿಗೆ ಬೇಕಾದಷ್ಟು ರಜೆ, ಆಗ ಮಗಳಿಗೆ ಶಾಲೆ. ಮಗಳ ಕಾಲ ಹೀಗೇ ಕಳೆದು ಮೊಮ್ಮಗಳ ಕಾಲ ಬಂತು. ಊರಾಚೆಯ ಕೆರೆಯ ದಂಡೆಯಲ್ಲಿ ಮರಗಳ ಕೆಳಗೆ ಕುಟುಂಬ ಕುಟುಂಬವೇ ಬುತ್ತಿ ಕಟ್ಟಿಕೊಂಡು ಹೋಗಿ, ನೀರಿನಲ್ಲಿ ಕಾಲಾಡಿಸಿ, ಕಲ್ಲಂಗಡಿ ಕೊಯ್ದು ತಿಂದು ಬರುವುದನ್ನು ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಒಂದು ದಿನ, ಒಂದೇ ದಿನ, ನಾಲ್ವರೂ ಹಾಗೆ ಹೋಗಬೇಕು. ಊರಿಗೆ ಉಪಕಾರಿಯಾದವನು ಮನೆಗೂ ಸ್ವಲ್ಪ ಆಗಲಿ ಎಂದು ಅವಳು ಚುಚ್ಚಿದರೆ, ಅವನು ಮುಂದಿನ ವರ್ಷ ಎನ್ನುತ್ತಿದ್ದ.

ಆ ವರ್ಷ ಅವನು ಹಾಗೆನ್ನಲಿಲ್ಲ. ಜೊತೆಯ ಕೆಲಸಗಾರನೊಬ್ಬನೊಂದಿಗೆ ಮಾತಾಡಿ ಒಪ್ಪಂದ ಮಾಡಿಕೊಂಡು ಬಂದ. ಮಗಳು ಮೊಮ್ಮಗಳು ಬರುವ ದಿನ ತನಗೆ ರಜೆ, ತನ್ನ ಕೆಲಸ ಅವನು ನೋಡಿಕೊಳ್ಳುವುದು. ಅದಕ್ಕೆ ಬದಲಾಗಿ ಹಿಂದಿನ ದಿನ ತನ್ನ ಬೆಳಗಿನ ಪಾಳಿ ಮುಗಿದ ಮೇಲೆ ಅವನ ಮಧ್ಯಾಹ್ನದ ಪಾಳಿಯನ್ನೂ ತಾನೇ ಮಾಡುವುದು. ಹೆಂಡತಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ಕಲ್ಲಂಗಡಿ ತಂದು ಒದ್ದೆ ಬಟ್ಟೆ ಸುತ್ತಿ ಮಂಚದ ಕೆಳಗಿಟ್ಟಳು. ದಂಡೆಯಲ್ಲಿ ಹಾಸಲು ಹಳೆಯ ಜಮಖಾನೆ ಒಗೆದಳು.

ಆ ಬೇಸಿಗೆಯೂ ಎಂದಿನಂತಿರಲಿಲ್ಲ. ಅಂಥ ಬಿಸಿಲನ್ನು ಹಣ್ಣು ಹಣ್ಣು ಮುದುಕರೂ ಕಂಡಿರಲಿಲ್ಲ. ಹಕ್ಕಿಗಳು ಮಧ್ಯಾಹ್ನ ಕೊಕ್ಕು ತೆರೆದು ಕೂರುತ್ತಿದ್ದವು. ಫ್ಯಾಕ್ಟರಿಯ ಬಾಗಿಲಲ್ಲಿ ಐಸಿಗಾಗಿ ಜಗಳಗಳೇ ಆಗುತ್ತಿದ್ದವು.

ರಜೆಯ ಹಿಂದಿನ ದಿನ ಬೆಳಗಿನ ಪಾಳಿ ಮುಗಿಸಿ, ಮಧ್ಯಾಹ್ನದ ಪಾಳಿಗೆ ಮುಂಚೆ ಒಂದು ತುತ್ತು ಉಣ್ಣಲು ತಣ್ಣಪ್ಪ ಮನೆಗೆ ಬಂದ. ಬೆನ್ನ ಮೇಲೆ ಗೋಣಿಯಲ್ಲಿ ಮುರುಕು. ಹೆಂಡತಿ ಬೆಳಗಿನಿಂದ ತಾರಸಿಯ ಮೇಲಿದ್ದಳು. ಮಗು ಬರುತ್ತದಲ್ಲ, ಕೋಣೆ ತಣ್ಣಗಿರಲಿ ಎಂದು, ಸಂಜೆ ಸುರಿಯುವ ನೀರನ್ನು ಬಿಸಿಲಲ್ಲೇ ಸುರಿಯಲು ಹತ್ತಿದ್ದಳು. ಹಾಸಿಗೆಗಳನ್ನು ಹೊತ್ತೊಯ್ದು ಒಣಗಿಸಿ ಕೊಡವಿದ್ದಳು. ಅವನು ಬಂದಾಗ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಲೆ ಸಿಡಿಯುತ್ತಿದೆ ಎಂದಳು. ಅನ್ನ ಬಡಿಸಲು ಎದ್ದವಳು ತಟ್ಟೆಯ ಬದಲು ಮುಚ್ಚಳ ತಂದಿಟ್ಟಳು. ಅದಕ್ಕೆ ಅವನು ನಕ್ಕ, ನಾಳೆಯ ಸಂಭ್ರಮಕ್ಕೆ ಇವತ್ತೇ ಬುದ್ಧಿ ಕೆಟ್ಟಿತು ಎಂದು ರೇಗಿಸಿದ. ಅವಳೂ ಸ್ವಲ್ಪ ನಕ್ಕಳು.

ಉಂಡು ಎದ್ದವನು ಬೋಗುಣಿಯಲ್ಲಿ ಮುರುಕಿಟ್ಟು, ಫ್ಯಾನು ಹಾಕಿ, ಅವಳನ್ನು ಅದರ ಎದುರು ಮಲಗಿಸಿದ. ಆಮೇಲೆ ಹಣೆಯ ಮೇಲೆ ಕೈಯಿಟ್ಟ.

"ಇವತ್ತು ಸ್ವಲ್ಪ ಜಾಸ್ತಿ ಹೊತ್ತು ಇಟ್ಕೊಳ್ಳಿ. ಒಳಗೆಲ್ಲಾ ಉರಿ," ಎಂದಳು.

ಅವನು ಇಟ್ಟುಕೊಂಡ. ಹಣೆ ಸುಡುತ್ತಿತ್ತು. ಅದೇನು ಹೊಸದೇ? ಆ ಹಣೆ ಅವನ ಕೈಗೆ ಮದುವೆಯಾದಾಗಿನಿಂದ ಸುಡುತ್ತಲೇ ಇತ್ತು. ಅವನು ಎಂದಿನ ಗತ್ತಿನಲ್ಲಿ, ನಿನಗಂತೂ ವಿಪರೀತ ಜ್ವರ ಎಂದ. ಅವಳು ಕಣ್ಣು ಮುಚ್ಚಿಕೊಂಡೇ ಕಾಮಾಲೆ ಕಣ್ಣಿನ ಮಾತು ಶುರುಮಾಡಿ, ಮುಂದಿನದು ನೆನಪಾಗದೆ ಅಲ್ಲಿಗೇ ಬಿಟ್ಟಳು. ನಿದ್ದೆ ಹತ್ತುತ್ತಿದೆ ಎಂದುಕೊಂಡ. ಇನ್ನೊಂದನ್ನೂ ಅವನು ಗಮನಿಸಿದ. ಇಡೀ ಊರು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿರುವಾಗ ಅವಳ ಮುಖದ ಮೇಲೆ, ಕುತ್ತಿಗೆಯ ಮೇಲೆ, ಒಂದು ಹನಿ ಬೆವರಿರಲಿಲ್ಲ. ಅವನಿಗೆ ಸಮಾಧಾನವಾಯಿತು. ಮುರುಕು ಕೆಲಸ ಮಾಡುತ್ತಿದೆ, ತಣ್ಣಗಾಗುತ್ತಿದ್ದಾಳೆ ಎಂದು ನಂಬಿದ. ಕೈ ತೆಗೆದು, ಅಂಗಿ ಏರಿಸಿಕೊಂಡು, ಗುಂಡಿಗಳನ್ನು ಹಾಗೇ ಬಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ. ನಾಳೆಯ ರಜೆಯನ್ನು ಅವನು ಇವತ್ತೇ ದುಡಿಯಬೇಕಿತ್ತು.

ಆ ಮಧ್ಯಾಹ್ನ ಅವನು ಎಂದಿಲ್ಲದಷ್ಟು ಖುಷಿಯಿಂದ ಕೆಲಸ ಮಾಡಿದ. ಅದನ್ನು ಹೇಳಬಾರದಿತ್ತು, ಆದರೆ ನಡೆದದ್ದು ಹಾಗೆ. ಕೊನೆಯ ದಿಮ್ಮಿಗಳನ್ನು ಎತ್ತುವಾಗ ಒಂದು ದಿಮ್ಮಿ ಅಂಚಿನಲ್ಲಿ ಸೀಳಿತು. ಐಸಿನ ದಿಮ್ಮಿಯ ನಡು ಯಾವಾಗಲೂ ಬೆಳ್ಳಗೆ ಮಂಕಾಗಿರುತ್ತದೆ, ಅಂಚು ಮಾತ್ರ ತಿಳಿ. ಗೋಣಿ ಸುತ್ತಿದರೆ ಬೆಳಗಿನವರೆಗೆ ಉಳಿದೀತೆಂದು ಆ ತಿಳಿ ತುಂಡನ್ನು ಅವನು ಪುಟ್ಟಿಗೆಂದು ತೆಗೆದಿಟ್ಟ. ಅದರ ಆಚೆ ಬೆರಳಿಟ್ಟರೆ ಈಚೆಗೆ ಕಾಣುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅದನ್ನು ಹೊತ್ತು ಮೂರು ಮಹಡಿ ಹತ್ತಿದ. ಹೆಂಡತಿ ಅವನು ಮಲಗಿಸಿದ್ದ ಜಾಗದಲ್ಲೇ ಇದ್ದಳು. ಒಂದು ಕೈ ಬೋಗುಣಿಯೊಳಗಿತ್ತು. ಮುರುಕು ಕರಗಿ ನೀರಾಗಿತ್ತು. ಅವನು ಕರೆದ. ಮತ್ತೆ ಕರೆದ. ಹಣೆಯ ಮೇಲೆ ಕೈಯಿಟ್ಟ. ಆ ಕೈ ಎಂದಿನಂತೆ ಬಿಸಿ ಎಂದಿತು, ಅದಕ್ಕೆ ಬೇರೆ ಮಾತೇ ಬರುತ್ತಿರಲಿಲ್ಲ.

ಕೆಳಗಿನ ಮಹಡಿಯ ದರ್ಜಿ ಕೂಗು ಕೇಳಿ ಓಡಿಬಂದ. ಅವಳ ಕೆನ್ನೆ ಮುಟ್ಟಿದವನೇ ಕೈ ಹಿಂದಕ್ಕೆಳೆದುಕೊಂಡ. ಕೆಂಡ ಆಗಿದೆಯಲ್ಲ, ನಿಮಗೆ ಗೊತ್ತಾಗಲಿಲ್ಲವೇ ಎಂದ. ಇಬ್ಬರೂ ಸೇರಿ ಎತ್ತಿಕೊಂಡು ಇಳಿದರು. ತಿಳಿ ಐಸಿನ ತುಂಡು ಹೊಸ್ತಿಲ ಬಳಿ ಗೋಣಿಯಲ್ಲೇ ಉಳಿಯಿತು. ಅದರ ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಮೊದಲ ಮಹಡಿಯವರೆಗೆ ಹೋಗಿತ್ತಂತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದು ಹೆಚ್ಚೇನಲ್ಲ. ಮಧ್ಯಾಹ್ನ ಬೆವರುತ್ತಿದ್ದರಾ, ಮಾತು ತಪ್ಪುತ್ತಿತ್ತಾ, ಮೈ ಸುಡುತ್ತಿತ್ತಾ? ಬೆವರಲಿಲ್ಲ ಎಂದ. ತಟ್ಟೆಯ ಬದಲು ಮುಚ್ಚಳ ತಂದಳು ಎಂದ. ಮೂರನೆಯದಕ್ಕೆ ತನ್ನ ಅಂಗೈಗಳನ್ನು ನೋಡಿಕೊಂಡ. ಬೆವರು ನಿಂತಿತೆಂದರೆ ಮೈ ಸೋತಿತೆಂದು ಅರ್ಥ, ಮಧ್ಯಾಹ್ನವೇ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಆಕೆ ಮೆಲ್ಲಗೆ ಹೇಳಿದಳು. ಒಳ್ಳೆಯ ಹೆಂಗಸು, ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

ಬೆಳಗಿನ ಬಸ್ಸಿಗೆ ಮಗಳು ಬಂದಾಗ ತಾಯಿ ಇರಲಿಲ್ಲ. ಅದು ತಣ್ಣಪ್ಪನ ರಜೆಯ ದಿನ.

ಮಗಳು ಅತ್ತು ಅತ್ತು ಧ್ವನಿ ಕಳೆದುಕೊಂಡ ಮೇಲೆ, ಮಂಚದ ಕೆಳಗಿನ ಕಲ್ಲಂಗಡಿಗಳನ್ನು ನೋಡುತ್ತ ಅವನ ಕಡೆ ತಿರುಗದೆ ಕೇಳಿದಳು. "ಅಪ್ಪಾ, ಹಣೆ ಮುಟ್ಟಿ ನೋಡ್ಲಿಲ್ವಾ?"

"ನೋಡ್ದೆ," ಎಂದ.

ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟಕ್ಕೇ ಎಲ್ಲವೂ ಅರ್ಥವಾಯಿತು. ಕೇಳಬಾರದಿತ್ತು ಎಂದೂ ಆ ಕ್ಷಣವೇ ಅನ್ನಿಸಿತು. ಆಡಿದ ಮಾತು, ಒಡೆದ ಮುತ್ತು.

ಅಂದಿನಿಂದ ತಣ್ಣಪ್ಪ ಯಾರ ಮೈಯನ್ನೂ ಮುಟ್ಟಲಿಲ್ಲ. ಫ್ಯಾಕ್ಟರಿ ಬಿಟ್ಟ. ಯಜಮಾನರು ಹೇಳಿ ಕಳಿಸಿದರು, ಜೊತೆಯವರು ಬಂದು ಕೂತು ಬುದ್ಧಿ ಹೇಳಿದರು. ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂಬ ಮಾತು ಜನರ ಬಾಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತದೆ. ಹೇಳುವವರಿಗೆ ಅದರಿಂದ ಸಮಾಧಾನವಾಗುತ್ತದೆ. ಅವನು ಎಲ್ಲರಿಗೂ ತಲೆಯಾಡಿಸಿ, ಹೋಗಲಿಲ್ಲ. ಪಕ್ಕದ ಬೀದಿಯ ಶಾಲೆಯಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತು. ಕಬ್ಬಿಣದ ಗೇಟು ತೆರೆಯುವುದು, ಮುಚ್ಚುವುದು, ಮಕ್ಕಳು ಬೀದಿಗೆ ಓಡದಂತೆ ನೋಡಿಕೊಳ್ಳುವುದು. ಮಕ್ಕಳು ಬಂದು ಕೈ ಹಿಡಿಯಲು ಹೋದರೆ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಜೇಬಿನಲ್ಲಿ ಒಂದು ಥರ್ಮಾಮೀಟರು ಇಟ್ಟುಕೊಂಡ. ಯಾವ ಮಗುವಾದರೂ ಮಂಕಾಗಿ ಕೂತರೆ ಅದನ್ನು ತೆಗೆಯುತ್ತಿದ್ದ. ಮೇಷ್ಟರುಗಳು ನಕ್ಕರೂ ಬಿಡಲಿಲ್ಲ.

ತಿಂಗಳುಗಳು ಕಳೆದಂತೆ ಅವನ ಕೈ ನಿಧಾನವಾಗಿ ಮರಳಿ ಬಂತು. ಮೊದಲು ಬೆರಳ ತುದಿಗಳು ಜುಮ್ಮೆಂದವು, ಆಮೇಲೆ ನೋವು. ಒಂದು ಬೆಳಗ್ಗೆ ಚಹಾದ ಲೋಟ ಎತ್ತಿದವನು ಚುರುಕ್ಕೆಂದು ಕೆಳಗೆ ಬಿಟ್ಟ. ನೆಲದ ಮೇಲೆ ಚೆಲ್ಲಿದ ಚಹಾವನ್ನು ನೋಡುತ್ತ ಬಹಳ ಹೊತ್ತು ಕೂತಿದ್ದ. ಅಂಗಿಯ ಗುಂಡಿಗಳನ್ನು ಈಗ ತಾನೇ ಹಾಕಿಕೊಳ್ಳುತ್ತಿದ್ದ. ಅದರಲ್ಲಿ ಅವನಿಗೆ ಯಾವ ಸಂತೋಷವೂ ಕಾಣಲಿಲ್ಲ.

ಮತ್ತೆ ಬೇಸಿಗೆ ಬಂತು, ಶಾಲೆ ಮುಚ್ಚಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ಬೇಸಿಗೆ ಪೂರ್ತಿ ರಜೆ. ಎಷ್ಟು ರಜೆ ಎಂದರೆ ಏನು ಮಾಡಬೇಕೆಂದು ತಿಳಿಯದಷ್ಟು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.

ಮಗಳು ಬರುವುದಿಲ್ಲವೇನೋ ಎಂದುಕೊಂಡಿದ್ದ. ಬಂದಳು. ಪುಟ್ಟಿ ಒಂದು ಗೇಣು ಬೆಳೆದಿದ್ದಳು. ಬಾಗಿಲು ದಾಟಿದವಳೇ ತಾತನ ಮುಂದೆ ನಿಂತು, ಕಣ್ಣು ಮುಚ್ಚಿ, ಹಣೆ ಒಡ್ಡಿದಳು. ತಣ್ಣಪ್ಪ ಅವಳ ಚೀಲ ತೆಗೆದುಕೊಂಡು ಒಳಗೆ ಹೋದ. ಮಗು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕಣ್ಣು ಬಿಟ್ಟಿತು. ಮಗಳು ಅದನ್ನು ನೋಡಿದಳು.

ಅವನು ಮಾಡಬೇಕಾದ್ದನ್ನೆಲ್ಲ ಮಾಡಿದ. ತಾನೇ ತಾರಸಿಗೆ ನೀರು ಹೊತ್ತ, ಅದೂ ಸೂರ್ಯ ಇಳಿದ ಮೇಲೆ. ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿದ. ಗಳಿಗೆಗೊಮ್ಮೆ ನೀರು ಕುಡಿಸಿದ. ಮಗು ಬೆವರುತ್ತಿದೆಯೇ ಎಂದು ದೂರದಿಂದಲೇ ಕತ್ತು ನೋಡುತ್ತಿದ್ದ, ಬೆವರು ಕಂಡರೆ ಅವನ ಮುಖ ಸಡಿಲವಾಗುತ್ತಿತ್ತು. ಬೋಗುಣಿ ಮಾತ್ರ ಅಟ್ಟದಿಂದ ಇಳಿಯಲಿಲ್ಲ. ಕೆರೆಯ ದಂಡೆಗೂ ಮೂವರೂ ಒಂದು ದಿನ ಹೋದರು. ಜಮಖಾನೆ ಹಾಸಿದರು, ನೀರಿನಲ್ಲಿ ಕಾಲಾಡಿಸಿದರು. ಕಲ್ಲಂಗಡಿ ಕೊಯ್ಯುವಾಗ ಮಗಳು ಕೈತಪ್ಪಿ ನಾಲ್ಕು ಪಾಲು ಮಾಡಿದಳು. ನಾಲ್ಕನೆಯದನ್ನು ಯಾರೂ ಮುಟ್ಟಲಿಲ್ಲ, ಇರುವೆಗಳು ತಿಂದವು.

ಕೆರೆಯಿಂದ ಬಂದ ಮಾರನೆಯ ಬೆಳಗ್ಗೆ ಪುಟ್ಟಿ ಹಾಸಿಗೆ ಬಿಟ್ಟು ಏಳಲಿಲ್ಲ. ಮಗಳು ಪಕ್ಕದಲ್ಲಿ ಕೂತು ಮೈ ಸವರಿ ನೋಡಿ, ತಂದೆಯನ್ನು ಕರೆದಳು. ಅವನು ಬಾಗಿಲಲ್ಲೇ ನಿಂತು ಜೇಬಿನ ಥರ್ಮಾಮೀಟರಿಗೆ ಕೈ ಹಾಕಿದ.

"ಅದು ಬೇಡ ಅಪ್ಪಾ," ಎಂದಳು ಮಗಳು. "ನೀನೇ ಕೈ ಇಟ್ಟು ನೋಡು."

ಅವನು ತಲೆಯಾಡಿಸಿದ. ಅವಳು ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. ಒಂದು ವರ್ಷದಿಂದ ಅವಳು ಅವನ ಕೈ ಹಿಡಿದಿರಲಿಲ್ಲ. ಕರೆತಂದು ಹಾಸಿಗೆಯ ಪಕ್ಕ ಕೂರಿಸಿದಳು. ತಾನು ಆ ದಿನ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ಪಡೆಯಲು ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ತಣ್ಣಪ್ಪ ಕೈ ಚಾಚಿದ. ಮಗುವಿನ ಹಣೆಯ ಮೇಲೆ ಇಟ್ಟ.

ಪುಟ್ಟಿ ಕಣ್ಣು ತೆರೆಯದೆ ಮುಖ ಕಿವುಚಿದಳು. "ತಾತಾ, ನಿನ್ನ ಕೈ ಬೆಚ್ಚಗಿದೆ. ತಣ್ಣಗಿರೋ ಕೈ ಇಡು."

ಅವನು ಕೈ ತೆಗೆಯಲಿಲ್ಲ. "ಜ್ವರ ಇದೆ," ಎಂದ. ಯಾವ ಗತ್ತೂ ಇಲ್ಲದೆ, ಬಹಳ ಸಣ್ಣ ದನಿಯಲ್ಲಿ ಹೇಳಿದ. "ಜಾಸ್ತಿ ಏನಿಲ್ಲ. ಆದ್ರೆ ಇದೆ. ನಡಿ, ತೋರಿಸ್ಕೊಂಡು ಬರೋಣ."

ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನೇ ಮೆಟ್ಟಿಲಿಳಿದ. ಮಗಳು ಹಿಂದೆ. ಬಿಸಿಲು ಇನ್ನೂ ಏರಿರಲಿಲ್ಲ, ಬೀದಿಯ ಒಂದು ಬದಿಗೆ ನೆರಳಿತ್ತು. ಅವರು ಆ ನೆರಳಿನಲ್ಲೇ ನಡೆದರು. ಡಾಕ್ಟರಮ್ಮ ನೋಡಿ, ನೀರಿನಲ್ಲಿ ಆಡಿದ್ದಕ್ಕೆ ಬಂದ ಜ್ವರ, ಗಾಬರಿಯಿಲ್ಲ ಎಂದು ಔಷಧಿ ಕೊಟ್ಟಳು. ಪುಟ್ಟಿಗೆ ಒಂದು ಪೆಪ್ಪರ್‌ಮಿಂಟೂ ಸಿಕ್ಕಿತು.

ಹಿಂದಿರುಗುವಾಗ ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ಮನೆಯ ಮೆಟ್ಟಿಲ ಬಳಿ ತಣ್ಣಪ್ಪ ನಿಂತ. ಮಗುವಿನ ಬೆನ್ನ ಮೇಲಿದ್ದ ತನ್ನ ಕೈಯನ್ನು ಎತ್ತಿ ನೋಡಿದ, ಮತ್ತೆ ಬೆನ್ನ ಮೇಲಿಟ್ಟ.

"ಇಟ್ಟ ತಕ್ಷಣ ಗೊತ್ತಾಯ್ತು ಕಣಮ್ಮಾ," ಎಂದ ಮಗಳಿಗೆ. "ಎಲ್ರಿಗೂ ಇಷ್ಟು ಸುಲಭವಾಗಿ ಗೊತ್ತಾಗುತ್ತಾ?"